ಮಂಜು ಬಿದ್ದ ದಿನವೇ ಹೊಡೆಯುತ್ತಿದ್ದ ಬ್ಯಾಕ್‌ಫೈರ್

ನಮ್ಮ ತೋಟ ಚಿಕ್ಕಮಗಳೂರಿನ ಅತ್ತಿಗುಂಡಿ ಕಡೆ. ಅಪ್ಪ ಕೊಂಡಿದ್ದ, ಹಳೆ ವಿಲ್ಲೀಸ್ ಜೀಪುಗಳಲ್ಲಿ ಬರುತ್ತಿದ್ದ ನಾಲ್ಕು ಸಿಲಿಂಡರಿನ ಹರಿಕೇನ್ ಇಂಜಿನ್ನಿನ ಪೆಟ್ರೋಲ್ ಪಿಕಪ್ ಇನ್ನೂ ಓಡಿಸುತ್ತೇವೆ. ಗೊಬ್ಬರ ತರುವುದು, ಕಾಫಿ ಮೂಟೆ ಇಳಿಸುವುದು ಎಲ್ಲ ಅದರಲ್ಲೇ. ಹೋದ ಮಳೆಗಾಲದಲ್ಲಿ ಹಿಡಿದುಕೊಂಡ ಬ್ಯಾಕ್‌ಫೈರ್, ಅಂದರೆ ಹತ್ತಬಾರದ ಕಡೆ ಪೆಟ್ರೋಲ್ ಹತ್ತಿ ಸಿಡಿಯುವ ಕಾಟ, ದೀಪಾವಳಿ ಕಳೆದರೂ ಬಿಡಲಿಲ್ಲ. ಕೈಮರದಿಂದ ಮೇಲೆ ಹತ್ತುವಾಗ ಬಾನೆಟ್ಟಿನೊಳಗೆ ಟಪ್ ಟಪ್ ಅಂತ ಸಿಡಿದು ಎಳೆತವೇ ಬಿದ್ದುಹೋಗುತ್ತಿತ್ತು. ಇಳಿಯುವಾಗ ಸೈಲೆನ್ಸರ್‌ನಲ್ಲಿ ಢಂ ಅನ್ನುತ್ತಿತ್ತು, ರಸ್ತೆ ಬದಿಯಲ್ಲಿ ಮೇಯುವ ದನ ಬೆದರುವಷ್ಟು.

ಎರಡೂ ಒಂದೇ ರೋಗ ಅಂದುಕೊಂಡದ್ದೇ ತಪ್ಪಾಯಿತು. ಪ್ಲಗ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಕರೆಂಟು ಕಡಿದು ಕಿಡಿ ಹುಟ್ಟಿಸುವ ಪಾಯಿಂಟಿನ ಗ್ಯಾಪ್ 0.5 ಮಿ.ಮೀ.ಗೆ ಇಟ್ಟೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಆಮೇಲೆ ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದನ್ನೇ ಹಿಡಿದು ಹೊರಟೆ.

ಸೈಲೆನ್ಸರ್‌ನದು ಅರ್ಧ ದಿನದ ಕೆಲಸ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಹೋಗುತ್ತದೆ. ಅಲ್ಲಿ ಎಲ್ಲಾದರೂ ಸಂದಿಯಿಂದ ಗಾಳಿ ಸೇರಿದರೆ ಒಳಗೇ ಹತ್ತಿಕೊಳ್ಳುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇಂಜಿನ್ ಬ್ಲಾಕಿಗೆ ಕೂರುವ ಜಾಗದಲ್ಲಿ ಮಸಿ ನಾಲಿಗೆ ಚಾಚಿದ ಹಾಗೆ ಹರಡಿತ್ತು. ಹೊಸ ಪ್ಯಾಕಿಂಗ್ ಹಾಕಿ ನಟ್ ಸಮನಾಗಿ ಬಿಗಿದೆ. ಢಂ ನಿಂತಿತು.

ಟಪ್ ಟಪ್ ಹಾಗೇ ಇತ್ತು. ಬಾನೆಟ್ಟಿನೊಳಗಿನ ಆ ಸಿಡಿತ ಕಾರ್ಬೊರೇಟರ್‌ಗೆ ಹೊಡೆಯುತ್ತಿದೆ ಅಂದರೆ ಪೆಟ್ರೋಲ್ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮುಚ್ಚುವ ಮೊದಲೇ ಬೆಂಕಿ ಹತ್ತುತ್ತಿದೆ, ಇಲ್ಲವೇ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ತೆಳುವಾಗಿದೆ. ಏರಿನಲ್ಲಿ ಸಿಡಿಯುವಾಗ, ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದು ನೋಡಿದೆ. ಪೆಟ್ರೋಲ್ ಕಮ್ಮಿಯಾಗಿದ್ದರೆ ಸಿಡಿತ ತಗ್ಗಬೇಕಿತ್ತು, ತಗ್ಗಲಿಲ್ಲ. ಟ್ಯಾಪೆಟ್, ಅಂದರೆ ವಾಲ್ವಿನ ಸಂದಿ, ನೋಡಿದೆ, ಇನ್‌ಟೇಕ್ 18 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಎಕ್ಸಾಸ್ಟ್ 16 ಥೌ, ಸರಿಯಾಗಿತ್ತು. ಕಿಡಿ ಬೀಳುವ ಟೈಮಿಂಗೂ ಸರಿ.

ಜಗಲಿ ಮೇಲೆ ಕೂತಿದ್ದ ಅಪ್ಪ, "ಬಿಸ್ಲು ಬಂದ್ಮೇಲೆ ಅಷ್ಟು ಹೊಡೆಯಲ್ಲ ಕಣೋ. ಮಂಜು ಬಿದ್ದ ದಿನಾನೇ ಜಾಸ್ತಿ, ಗಮನಿಸಿದ್ಯಾ?" ಅಂದರು. ನಾನು ಗಮನಿಸಿರಲಿಲ್ಲ. ಎರಡು ತಿಂಗಳ ರಿಪೇರಿಯಲ್ಲಿ ಸಿಗದ ಸುಳಿವು ಆ ಒಂದು ಮಾತಲ್ಲಿತ್ತು. ತೇವಕ್ಕೆ ಹೆದರುವುದು ಪೆಟ್ರೋಲ್ ಅಲ್ಲ, ಕರೆಂಟು.

ಅವತ್ತೇ ಸಂಜೆ ಇಂಜಿನ್ ಚಾಲೂ ಮಾಡಿ, ಹೂಗಿಡಕ್ಕೆ ನೀರು ಚಿಮುಕಿಸುವ ಬಾಟ್ಲಿಯಿಂದ ಪ್ಲಗ್ ವೈರುಗಳ ಮೇಲೆ ಸಣ್ಣಗೆ ಹೊಡೆದೆ. ವೈರು ಮುಟ್ಟಬಾರದು, ಶಾಕ್ ಜೋರಾಗಿ ಹೊಡೆಯುತ್ತದೆ. ವೈರಿನ ಮೇಲೆ ಏನೂ ಆಗಲಿಲ್ಲ. ಸಿಲಿಂಡರುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ ನೀರು ಬಿದ್ದದ್ದೇ ತಡ, ಟಪ್ ಟಪ್ ಶುರು. ಕ್ಯಾಪ್ ಬಿಚ್ಚಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದೆ. ಒಳಗೆ ಒಂದನೇ ಸಿಲಿಂಡರಿಗೆ ಕರೆಂಟು ಕೊಡುವ ಪಿನ್ನಿನಿಂದ ಮೂರನೆಯದಕ್ಕೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ, ಬೇರು ಕವಲೊಡೆದ ಹಾಗೆ. ನೆಟ್ಟಗೆ ಬೆಳಕು ಬಿಟ್ಟರೆ ಕಾಣದು. ಹಿಂದೆ ಎರಡು ಸಲ ಬಿಚ್ಚಿದಾಗಲೂ ನನ್ನ ಕಣ್ಣು ತಪ್ಪಿಸಿಕೊಂಡಿತ್ತು.

ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-4-2. ಒಂದನೆಯದಕ್ಕೆ ಕಿಡಿ ಬೀಳುವ ಹೊತ್ತಿಗೆ ಮೂರನೆಯದು ಪೆಟ್ರೋಲ್ ಗಾಳಿ ಎಳೆದುಕೊಂಡು ಮುಗಿಸುವ ಹಂತದಲ್ಲಿರುತ್ತದೆ, ಅದರ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಕಿಡಿ ಆ ಗೆರೆ ಹಿಡಿದು ಮೂರನೆಯದಕ್ಕೆ ಹರಿದರೆ, ಹತ್ತಿದ ಬೆಂಕಿ ತೆರೆದ ವಾಲ್ವಿನಿಂದ ಕಾರ್ಬೊರೇಟರ್‌ಗೆ ವಾಪಸ್ ನುಗ್ಗುತ್ತದೆ. ಏರಿನಲ್ಲೇ ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಭಾರ ಎಳೆಯುವಾಗ ಒಂದನೇ ಸಿಲಿಂಡರಿನಲ್ಲಿ ಒತ್ತಡ ಹೆಚ್ಚು, ಅಲ್ಲಿ ಕಿಡಿ ಹಾರುವುದು ಕಷ್ಟ. ಮೂರನೆಯದರಲ್ಲಿ ಆಗ ಒತ್ತಡವೇ ಇಲ್ಲ. ಕರೆಂಟು ಸುಲಭದ ದಾರಿ ಹಿಡಿಯುತ್ತದೆ.

ಚಾಕು ತುದಿಯಿಂದ ಗೆರೆ ಕೆರೆದೆ. ನಾಲ್ಕು ದಿನ ಚೆನ್ನಾಗಿ ಓಡಿ, ಐದನೇ ದಿನ ಮತ್ತೆ ಶುರುವಾಯಿತು. ಕೆರೆದದ್ದು ರೋಗ ಖಾತ್ರಿ ಮಾಡಿಕೊಳ್ಳಲಿಕ್ಕಷ್ಟೇ ಆಯಿತು. ಕೊನೆಗೆ ಹೊಸ ಕ್ಯಾಪ್, ಅದರೊಳಗೆ ತಿರುಗುವ ಹೊಸ ರೋಟರ್ ಎರಡೂ ಒಟ್ಟಿಗೇ ಹಾಕಿದೆ. ಮರುದಿನ ಬೆಳಿಗ್ಗೆ ಎದುರಿನ ಗಾಡಿ ಕಾಣದಷ್ಟು ಮಂಜು. ಗೊಬ್ಬರದ ಮೂಟೆ ತುಂಬಿಕೊಂಡು ಕೈಮರದಿಂದ ಮೇಲೆ ಹತ್ತಿದೆ, ಒಂದು ಸಲವೂ ಸಿಡಿಯಲಿಲ್ಲ.

ಹಳೆ ಕ್ಯಾಪ್ ಎಸೆದಿಲ್ಲ. ಪಕ್ಕದ ತೋಟದವರು ತಮ್ಮ ಜೀಪಿಗೂ ಇದೇ ಕಾಟ ಅಂತ ಬಂದಾಗ ಅದನ್ನೇ ಕೈಗೆ ಕೊಟ್ಟು, ಟಾರ್ಚ್ ಯಾವ ಕಡೆಯಿಂದ ಹಿಡಿಯಬೇಕು ಅಂತ ತೋರಿಸಿದೆ.