ಮಿರಗಕ್ಕೆ ಮುಂಚೆ ಮನೆ ರಿಪೇರಿ: ಮಾಳಿಗೆ ಮೊದಲು, ಬಣ್ಣ ಕೊನೆಗೆ

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಗೌಂಡಿಗಳು ಕೈಗೆ ಸಿಗುವುದಿಲ್ಲ. ಬಸವ ಜಯಂತಿಯ ಹಿಂದೆಮುಂದೆ ಮದುವೆ, ಗೃಹಪ್ರವೇಶ ಒಂದರ ಮೇಲೊಂದು. ಎಲ್ಲರಿಗೂ ಅವಸರ. ಅವಸರದಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದ್ದೆ. ತಂಗಿಯ ಮಗಳ ಮದುವೆ ಅಂತ ಮನೆಗೆಲ್ಲ ಬಣ್ಣ ಹೊಡೆಸಿದೆವು. ಮದುವೆಯಾಗಿ ಎಂಟು ದಿನಕ್ಕೆ ಬೇಸಿಗೆಯ ಒಂದು ಅಡ್ಡಮಳೆ ಬಂತು, ಗಾಳಿ, ಆಣೆಕಲ್ಲು ಎಲ್ಲ ಸೇರಿ. ಬೆಳಗ್ಗೆ ನೋಡಿದರೆ ಹಾಲ್‌ನ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಲೆ. ಬಣ್ಣದವನದು ಏನೂ ತಪ್ಪಿರಲಿಲ್ಲ. ಮಾಳಿಗೆ ಹತ್ತಿ ನೋಡದವರು ನಾವು.

ಹಾಗಾಗಿ ಈಗ ನಮ್ಮ ಮನೆಯ ಕೆಲಸ ಮೇಲಿಂದ ಕೆಳಗೆ ಇಳಿಯುತ್ತದೆ. ಮೊದಲು ಮಾಳಿಗೆ, ಆಮೇಲೆ ಟಾಕಿ ಮತ್ತು ಪೈಪು, ಆಮೇಲೆ ಮನೆಯ ಸುತ್ತಲಿನ ನೆಲ ಮತ್ತು ಹಿತ್ತಲು, ಬಣ್ಣ ಎಲ್ಲದರ ಕೊನೆಗೆ. ಜೂನ್ 7–8ಕ್ಕೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ. ಅಷ್ಟರೊಳಗೆ ಬಣ್ಣ ಬಿಟ್ಟು ಉಳಿದದ್ದೆಲ್ಲ ಮುಗಿಯಬೇಕು.

ಮಾಳಿಗೆ: ಎರಡು ಮೂರು ಕೊಡ ನೀರಿನ ಪರೀಕ್ಷೆ

ಮೊದಲು ಕಸಬರಿಗೆ ಹಿಡಿದು ಮಾಳಿಗೆ ಗುಡಿಸಿ. ನೀರು ಇಳಿಯುವ ತೂತಿನ ಬಾಯಲ್ಲಿ ಬೇವಿನ ಎಲೆ, ಪಾರಿವಾಳದ ಪುಕ್ಕ, ಹರಿದ ಗಾಳಿಪಟ ಸಿಕ್ಕೇ ಸಿಗುತ್ತವೆ. ಎಷ್ಟೋ ಮನೆಗಳಲ್ಲಿ ಸೋರಿಕೆಗೆ ಅಷ್ಟೇ ಕಾರಣ.

ಬಿರುಕುಗಳನ್ನು ನಸುಕಿನಲ್ಲಿ ನೋಡಬೇಕು, ಮಧ್ಯಾಹ್ನ ಅಲ್ಲ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ಬಿರುಕು ಮುಚ್ಚಿಕೊಂಡು ಕಾಣದಂತಾಗುತ್ತದೆ. ರಾತ್ರಿಯ ತಂಪಿಗೆ ಕುಗ್ಗಿದಾಗ ಬಾಯಿ ಬಿಡುತ್ತದೆ. ಬೆಳಗ್ಗೆ ಆರಕ್ಕೆ ಒಂದು ಸೀಮೆಸುಣ್ಣ ಹಿಡಿದು ಹತ್ತಿ, ಕಂಡ ಕಂಡಲ್ಲಿ ಗುರುತು ಹಾಕಿ. ಸ್ಲ್ಯಾಬ್ ಮತ್ತು ಪ್ಯಾರಾಪೆಟ್ ಗೋಡೆ ಕೂಡುವ ಮೂಲೆಯನ್ನು ಮರೆಯಬೇಡಿ. ನಮ್ಮ ಮನೆ ಸೋರಿದ್ದು ಅಲ್ಲೇ.

ಅನುಮಾನ ಇದ್ದ ಜಾಗಕ್ಕೆ ನೀರು ನಿಲ್ಲಿಸಿ ನೋಡಿ. ಇಡೀ ಮಾಳಿಗೆಗೆ ನೀರು ನಿಲ್ಲಿಸಲು ಬೇಸಿಗೆಯಲ್ಲಿ ನೀರೆಲ್ಲಿದೆ ಹೇಳಿ? 600 ಚದರ ಅಡಿಗೆ ಒಂದು ಇಂಚು ನಿಲ್ಲಿಸಬೇಕಾದರೂ ಸುಮಾರು 1,400 ಲೀಟರ್ ಬೇಕು. ಅದರ ಬದಲು ಎರೆಮಣ್ಣು ಕಲಸಿ 4 ಅಡಿಗೆ 4 ಅಡಿ ಸಣ್ಣ ಬದು ಕಟ್ಟಿ. ಒಳಗೆ ಒಂದು ಇಂಚು ನೀರಿಗೆ 38 ಲೀಟರ್, ಅಂದರೆ ಎರಡು ಮೂರು ಕೊಡ ಸಾಕು. ಟಾಕಿ ತೊಳೆದ ನೀರು ಇದ್ದರೆ ಅದನ್ನೇ ಬಳಸಿ. ಸಂಜೆ ತುಂಬಿಸಿ, ಬಿಸಿಲಿಗೆ ಆರಿದಷ್ಟು ಮತ್ತೆ ಹಾಕುತ್ತಾ ಮರುದಿನ ಸಂಜೆವರೆಗೆ ಬಿಡಿ. ಕೆಳಗಿನ ಕೋಣೆಯ ಛತ್ತು ತೇವ ಆಯಿತೋ ಇಲ್ಲವೋ ಕೈಯಿಟ್ಟು ನೋಡಿ.

ಬಿರುಕು ತುಂಬುವಾಗ ಮೇಲೆ ಸುಮ್ನೆ ಸಿಮೆಂಟ್ ಸವರಿದರೆ ಅದು ಹಪ್ಪಳದಂತೆ ಎದ್ದು ಬರುತ್ತದೆ. ಉಳಿಯಿಂದ ಬಿರುಕನ್ನು ಬೆರಳಿನ ಅರ್ಧದಷ್ಟು ಅಗಲ ಮಾಡಿ, ಧೂಳು ಪೂರ್ತಿ ತೆಗೆದು, ನೀರು ಚಿಮುಕಿಸಿ, ಆಮೇಲೆ ತುಂಬಬೇಕು. ಉಸುಕು–ಸಿಮೆಂಟಿಗೆ ಪಾಲಿಮರ್ ದ್ರಾವಣ ಸೇರಿಸಿದರೆ ಹಿಡಿತ ಚೆನ್ನಾಗಿರುತ್ತದೆ. ಎಷ್ಟು ಸೇರಿಸಬೇಕು ಎಂಬುದು ಡಬ್ಬಿಯ ಮೇಲೆ ಇರುತ್ತದೆ, ಅಂಗಡಿಯವರ ಬಾಯಿಮಾತಿಗಿಂತ ಅದನ್ನು ನಂಬಿ. ಪ್ಯಾರಾಪೆಟ್ ಮೂಲೆಗೆ ಸಿಮೆಂಟಿನ ದುಂಡನೆಯ ಅಂಚು ಕೊಡಿಸಿ. ನೇರ ಮೂಲೆಯಲ್ಲಿ ನೀರು ನಿಲ್ಲುತ್ತದೆ, ದುಂಡಗಿದ್ದರೆ ಜಾರಿ ಹೋಗುತ್ತದೆ.

ಈ ಕೆಲಸ ಸಂಜೆ ನಾಲ್ಕರ ಮೇಲೆ. 40 ಡಿಗ್ರಿ ಬಿಸಿಲಲ್ಲಿ ಹಚ್ಚಿದ ಸಿಮೆಂಟ್ ಗಟ್ಟಿಯಾಗುವ ಮೊದಲೇ ನೀರು ಕಳೆದುಕೊಳ್ಳುತ್ತದೆ. ನಮ್ಮ ಗೌಂಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಕ್ಕಾರ, ಬಿಸಲಾಗ ಸಿಮೆಂಟ್ ಹಚ್ಚಿದ್ರ ನೀರ ಕುಡಸಲಿಕ್ಕೇ ಬೇಕ್ರಿ. ಇಲ್ಲಂದ್ರ ಬೂದಿ ಬಳದಂಗ." ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 10 ದಿನ ನೀರು ಹೊಡೆಯಿರಿ. ಬೆಳಗ್ಗೆ, ಸಂಜೆ ಎರಡೇ ಸಲ ಸಾಲದು, ಚೀಲ ಒಣಗದಂತೆ ನೋಡಿಕೊಳ್ಳಿ.

ಸೋರಿದ ಮಾಳಿಗೆ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಸೋರಿಕೆ ನಿಲ್ಲುವ ಖಾತ್ರಿ ಇಲ್ಲ, ಭಾರ ಮಾತ್ರ ಖಾತ್ರಿ. ಛತ್ತಿನ ಗಿಲಾವು ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ ಅದು ನಾವೂ ನೀವೂ ಮಾಡುವ ಕೆಲಸ ಅಲ್ಲ, ಎಂಜಿನಿಯರಿಗೆ ತೋರಿಸಿ.

ಸುಣ್ಣ ಬಳಿದರೆ ಮನೆ ತಂಪು

ನಮ್ಮಜ್ಜಿಯ ಮನೆ ಮಣ್ಣಿನ ಮಾಳಿಗೆಯದು. ಮಿರಗಕ್ಕೆ ಮುಂಚೆ ಸವಳು ಮಣ್ಣು ತರಿಸಿ ಮೇಲೆ ಹರಡಿಸುತ್ತಿದ್ದಳು. ಆ ಮಣ್ಣು ಒದ್ದೆಯಾದರೆ ಮೇಣದಂತೆ ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಒಳಗೆ ಮೇ ತಿಂಗಳಲ್ಲೂ ತಂಪು. ಸ್ಲ್ಯಾಬಿಗೆ ಆ ಭಾಗ್ಯ ಇಲ್ಲ, ಅದಕ್ಕೆ ಬಿಳಿ ಸುಣ್ಣವೇ ಗತಿ. ಸುಣ್ಣವನ್ನು ಬಡವರ ಬಣ್ಣ ಅಂತ ಮೂಗು ಮುರಿಯುವವರು ಒಮ್ಮೆ ಗೋಲಗುಮ್ಮಟ ನೋಡಿ ಬರಲಿ. 1656ರಿಂದ ಆ ಗುಮ್ಮಟ ನಿಂತಿರುವುದು ಸುಣ್ಣದ ಗಚ್ಚಿನ ಮೇಲೆ.

ಬಿರುಕು ತುಂಬಿ, ನೀರು ಹೊಡೆದು ಮುಗಿದ ಮೇಲೆ ಸುಣ್ಣ. ಸುಟ್ಟ ಸುಣ್ಣದ ಕಲ್ಲು ತಂದು ಹಿಂದಿನ ದಿನವೇ ಅರಳಿಸಿ, ಕಿಲೋಗೆ ಸುಮಾರು 5 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲೇ ಮಾಡಿ. ಸುಣ್ಣ ಕುದಿಯುವ ಬಿಸಿಗೆ ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದು ಹಾಕುತ್ತದೆ. ನೀರಿಗೆ ಸ್ವಲ್ಪ ಸ್ವಲ್ಪವಾಗಿ ಕಲ್ಲು ಹಾಕಿ. ದೂರ ನಿಲ್ಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು, ನೇರ ಡಾಕ್ಟರ್ ಹತ್ತಿರ ಹೋಗಿ. ಮರುದಿನ ಹಳೆ ಸೀರೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಿ, ಮಾಳಿಗೆ ಒದ್ದೆ ಮಾಡಿ ತೆಳ್ಳಗೆ ಮೂರು ಕೈ ಬಳಿಯಿರಿ.

ಮೊದಲ ವರ್ಷ ನಾವು ಸುಣ್ಣ ಸಾಲದೆ ಅರ್ಧ ಮಾಳಿಗೆಗೆ ಮಾತ್ರ ಬಳಿದಿದ್ದೆವು. ಮಧ್ಯಾಹ್ನ ಎರಡಕ್ಕೆ ಹಪ್ಪಳ ತೆಗೆಯಲು ಬರಿಗಾಲಲ್ಲಿ ಹೋದೆ. ಬಿಳಿ ಭಾಗದಲ್ಲಿ ಆರಾಮಾಗಿ ನಡೆದೆ. ಗೆರೆ ದಾಟಿ ಬೂದು ಭಾಗಕ್ಕೆ ಕಾಲಿಟ್ಟವಳೇ ಕುಣಿದುಬಿಟ್ಟೆ. ಅವತ್ತೇ ಇನ್ನಷ್ಟು ಸುಣ್ಣಕ್ಕೆ ಹೇಳಿ ಕಳಿಸಿದೆ. ಆದರೆ ಸುಣ್ಣ ಬಿಸಿಲಿಗೆ ಮದ್ದು, ಸೋರಿಕೆಗೆ ಅಲ್ಲ. ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು.

ಮೇಲೆ ತಗಡಿನ ಶೆಡ್ ಇದೆಯಾ? ತಗಡಿನ ಮೇಲೆ ಕಲ್ಲು ಹೇರಿಟ್ಟಿದ್ದರೆ ಇವತ್ತೇ ಇಳಿಸಿ. ಅಡ್ಡಮಳೆಯ ಗಾಳಿಗೆ ತಗಡು ಎದ್ದರೆ ಕಲ್ಲು ಯಾರ ತಲೆ ಮೇಲೆ ಬೀಳುತ್ತದೋ ಹೇಳಲಾಗದು. ತಗಡನ್ನು ಹುಕ್ ಬೋಲ್ಟ್, ವಾಷರ್ ಹಾಕಿ ಬಿಗಿಸಬೇಕು.

ಟಾಕಿ, ಪೈಪು

ಟಾಕಿ ತೊಳೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಒಂದೇ ಮಾತು: ನೆಲದಡಿಯ ಟಾಕಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿ ಆಡಲು ಬಿಡಿ, ಮೇಲೊಬ್ಬರು ನಿಂತಿರಲಿ.

ಮಾಳಿಗೆ ನೀರಿನ ಪೈಪು ಎಲ್ಲಿಗೆ ಹೋಗುತ್ತಿದೆ ನೋಡಿ. ಹೆಚ್ಚಿನವರ ಮನೆಯಲ್ಲಿ ಗಟಾರಕ್ಕೆ. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಅಂತ ಹಿಡಿಯಿರಿ. 600 ಚದರ ಅಡಿ ಮಾಳಿಗೆ ಮೇಲೆ ಅದು 33,000 ಲೀಟರ್. ಚೆಲ್ಲಿದ್ದು, ಆರಿದ್ದು ಬಿಟ್ಟರೂ 26–27 ಸಾವಿರ ಉಳಿಯುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐದು ಟ್ಯಾಂಕರ್. ಮೇ ತಿಂಗಳಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾದವರಿಗೆ ಇದರ ಬೆಲೆ ಗೊತ್ತು. ಪೈಪಿಗೊಂದು ಕವಲು ಜೋಡಿಸಿ ಟಾಕಿಗೆ ತಿರುಗಿಸಿ, ನಡುವೆ ಜಾಳಿಗೆ ಹಾಕಿ. ಮೊದಲ ಒಂದೆರಡು ಮಳೆಯ ನೀರು ಹೊರಗೆ ಹೋಗಲಿ. ಧೂಳು, ಪಾರಿವಾಳದ ಹಿಕ್ಕೆ, ನಾವು ಬಳಿದ ಸುಣ್ಣ ಎಲ್ಲ ಅದರಲ್ಲಿರುತ್ತದೆ. ನಾವು ಈ ನೀರನ್ನು ಬಳಸಲು, ಗಿಡಕ್ಕೆ ಹಾಕಲು ಇಟ್ಟುಕೊಳ್ಳುತ್ತೇವೆ, ಕುಡಿಯಲು ಅಲ್ಲ.

ಎರೆಮಣ್ಣಿನ ಮೇಲೆ ಮನೆ ಇದ್ದರೆ

ಇದು ನಮ್ಮ ಸೀಮೆಯದೇ ತಲೆನೋವು. ಎರೆ ನೆಲ ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಮಳೆಗೆ ಊದುತ್ತದೆ. ಮೇಲಿನ ಗೋಡೆಯೂ ಅದರ ಜೊತೆ ಆಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲಿನಂತೆ ಹೋಗುವ ಬಿರುಕು ಕಂಡರೆ ಮೇ ತಿಂಗಳಲ್ಲಿ ಗಟ್ಟಿ ಸಿಮೆಂಟ್ ತುಂಬಿಸಬೇಡಿ. ಈಗ ಬಿರುಕು ಪೂರ್ತಿ ಬಾಯಿಬಿಟ್ಟಿದೆ. ಮಳೆಗೆ ನೆಲ ಊದಿದಾಗ ಅದು ಮುಚ್ಚಲು ನೋಡುತ್ತದೆ, ನಡುವೆ ಸಿಮೆಂಟ್ ಇದ್ದರೆ ಗಿಲಾವು ಉಬ್ಬಿ ಬೀಳುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ದೀಪಾವಳಿಗೆ ಮತ್ತೆ ನೋಡಿ. ಗೆರೆ ದಾಟಿ ಬೆಳೆದಿದ್ದರೆ ಎಂಜಿನಿಯರ್. ಇಲ್ಲವಾದರೆ ಆಗ ತುಂಬಿಸಬಹುದು.

ಈಗ ಮಾಡಬೇಕಾದ್ದು ಬೇರೆ ಇದೆ. ಪಾಯದ ಸುತ್ತ ನೀರು ಇಂಗದಂತೆ ಮಾಡುವುದು. ಗೋಡೆಗೆ ತಾಗಿ 3 ಅಡಿ ಅಗಲ, 1 ಅಡಿ ಆಳ ಎರೆಮಣ್ಣು ತೆಗೆದು ಗರಸು ತುಂಬಿ. ಜಾಗ ಇದ್ದರೆ 6 ಅಡಿ ಅಗಲ ಇನ್ನೂ ಒಳ್ಳೆಯದು. ಸುತ್ತಳತೆ 100 ಅಡಿ ಇದ್ದರೆ, 3 ಅಡಿ ಅಗಲಕ್ಕೆ 300 ಘನ ಅಡಿ, ಅಂದರೆ 3 ಬ್ರಾಸ್ ಗರಸು. ಬಡಿದಾಗ ಕುಸಿಯುತ್ತದೆ, 4 ತರಿಸಿ. ನೀರು ಚಿಮುಕಿಸುತ್ತಾ ಪದರ ಪದರವಾಗಿ ಬಡಿಸಿ. ಗೋಡೆಯಿಂದ ಹೊರಗೆ ಒಂದು ಇಂಚಾದರೂ ಇಳಿಜಾರು ಬೇಕು. ಮೇಲೆ ಫರಸಿ ಕಲ್ಲು ಹಾಕಿಸಿ ಸಂದು ಮುಚ್ಚಿದರೆ ಅಂಗಳವೂ ಚೆಂದ. ಬಚ್ಚಲ ನೀರು ಪಾಯದ ಬುಡದಲ್ಲಿ ನಿಲ್ಲುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಅದು ಹಾಗೇ ಇದ್ದರೆ ಗರಸಿನ ದುಡ್ಡು ದಂಡ.

ಹಿತ್ತಲು: ಗುಂಡಿ ಈಗ, ಗಿಡ ಆಮೇಲೆ

ಹಿತ್ತಲಲ್ಲಿ ಕಲ್ಲು, ಕಟ್ಟಿಗೆ ರಾಶಿ ಇದ್ದರೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ. ತಂಪಿಗೆ ಅಂತ ಚೇಳು, ಹಾವು ಅಲ್ಲೇ ಸೇರಿಕೊಂಡಿರುತ್ತವೆ.

ಬೇಸಿಗೆಯಲ್ಲಿ ಸಸಿ ನೆಟ್ಟು ನೀರು ಹೊರುವುದು ವ್ಯರ್ಥ ಶ್ರಮ. ಈಗ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮೇ ಕೊನೆಗೆ ಕೊಳೆತ ತಿಪ್ಪೆಗೊಬ್ಬರ ಸೇರಿಸಿ ಮುಚ್ಚಿ. ಪಾಯದ ಹತ್ತಿರ ತೆಗೆದ ಎರೆಮಣ್ಣಿಗೆ ಒಂದಿಷ್ಟು ಉಸುಕು ಬೆರೆಸಿ ಇಲ್ಲೇ ಬಳಸಬಹುದು, ಗಟಾರಕ್ಕೆ ಎಸೆಯಬೇಡಿ. ಮಿರಗದ ಎರಡು ಒಳ್ಳೆ ಮಳೆ ಬಿದ್ದ ಮೇಲೆ ಸಸಿ ನೆಡಿ. ಕರಿಬೇವು, ನಿಂಬೆ ಮನೆಗೆ ಹೊಂದುತ್ತವೆ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಇಂಡಿ ನಿಂಬೆ ಪಕ್ಕದ ತಾಲ್ಲೂಕಿನಲ್ಲೇ ಇರುವಾಗ ಬೇರೆ ಯಾಕೆ? ಬೇವು ಹಾಕುವುದಾದರೆ ಗೋಡೆಯಿಂದ 20 ಅಡಿಯಾದರೂ ದೂರ. ಅದರ ಬೇರು ಪಾಯದಡಿಯ ತೇವ ಹೀರಿದರೆ ಎರೆ ನೆಲ ಇನ್ನಷ್ಟು ಕುಗ್ಗುತ್ತದೆ.

ಇನ್ನು ಬಣ್ಣ

ಹೊರಗಿನ ಬಣ್ಣಕ್ಕೆ ಮಳೆಗಾಲ ಮುಗಿಯಲಿ. ಒಳಗಿನದು ಮೊದಲೇ ಬೇಕೇ ಬೇಕು ಅನ್ನುವವರು ಒಂದು ಅಡ್ಡಮಳೆಯಾದರೂ ಬಂದು ಹೋಗುವವರೆಗೆ ಕಾಯಿರಿ. ಆಮೇಲೆ, ಹಿಂದೆ ಸೋರಿದ್ದ ಗೋಡೆಗೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ ಇದೆ, ಬಣ್ಣದವನಿಗೆ ಮುಂದಿನ ವಾರ ಬರಲು ಹೇಳಿ.