ಟ್ರೌಟ್ ತೊರೆಯಿರುವ ಪುಟ್ಟ ಕಾಡಿನ ಉದ್ಯಾನಕ್ಕೆ ಹೋಗುವಾಗ

ಪುಟ್ಟ ಕಾಡಿನ ಉದ್ಯಾನವೆಂದರೆ ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಿ ಬರಬಹುದಾದಷ್ಟೇ ಜಾಗ. ಹಾಗೆ ಸುತ್ತಿ ಬಂದವರಲ್ಲಿ ಹೆಚ್ಚಿನವರು ತೊರೆಯನ್ನು ನೋಡಿರುತ್ತಾರೆ, ಅದರೊಳಗಿನ ಟ್ರೌಟ್ ಮೀನನ್ನು ನೋಡಿರುವುದಿಲ್ಲ. ಅವರು ದಡಕ್ಕೆ ಬರುವ ಹೊತ್ತಿಗೆ ಮೀನು ಕಲ್ಲಿನಡಿ ಸೇರಿರುತ್ತದೆ. ಆದ್ದರಿಂದ ಇಂಥ ಕಡೆಗೆ ಹೊರಡುವಾಗ ಎಷ್ಟು ನಡೆಯಬೇಕೆಂದು ಲೆಕ್ಕ ಹಾಕುವುದಕ್ಕಿಂತ ಎಲ್ಲಿ ಕೂರಬೇಕೆಂದು ಯೋಚಿಸುವುದು ಮೇಲು. ಎರಡು ಗಂಟೆ ಬಿಡುವು ಮಾಡಿಕೊಂಡು, ಅದರಲ್ಲಿ ಒಂದು ಗಂಟೆಯನ್ನಾದರೂ ನೀರಿನ ಪಕ್ಕದ ಒಂದೇ ಜಾಗಕ್ಕೆ ಮೀಸಲಿಡಿ.

ಹೊತ್ತನ್ನು ಆರಿಸಿಕೊಳ್ಳುವಾಗ ನೀರಿನ ತಣುವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಟ್ರೌಟ್ ತಣ್ಣೀರಿನ ಮೀನು. ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ ಅದು ಲವಲವಿಕೆಯಿಂದ ಇರುತ್ತದೆ, 20 ಡಿಗ್ರಿ ದಾಟಿದರೆ ಬಳಲತೊಡಗುತ್ತದೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಅದು 9 ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಮೀನಿಗೆ ಉಸಿರಿನ ಅಗತ್ಯ ಹೆಚ್ಚುವುದೂ ನೀರು ಬಿಸಿಯಾದಾಗಲೇ. ಬೇಸಿಗೆಯ ಮಧ್ಯಾಹ್ನ ಅದು ಬೇರುಗಳ ನೆರಳನ್ನೋ ಒರತೆ ಬಂದು ಸೇರುವ ಮೂಲೆಯನ್ನೋ ಹಿಡಿದುಕೊಂಡು ಅಲ್ಲಾಡದೆ ಇರುತ್ತದೆ. ಬೆಳಗಿನ ಜಾವ ಅಥವಾ ಸಂಜೆ ಹೋಗಿ. ಜೋರು ಮಳೆ ಸುರಿದ ಮರುದಿನ ನೀರು ಕದಡಿರುವುದರಿಂದ, ತಿಳಿಯಾಗುವವರೆಗೆ ಕಾಯುವುದು ಒಳ್ಳೆಯದು.

ಜೊತೆಗೆ ಒಯ್ಯಬೇಕಾದದ್ದು ಹೆಚ್ಚಿಲ್ಲ. ಎಲೆ, ಮಣ್ಣಿನ ಬಣ್ಣಕ್ಕೆ ಹೊಂದುವ ಪೂರ್ಣ ತೋಳಿನ ಬಟ್ಟೆ, ಜಾರದ ಬೂಟು, ಇವುಗಳ ಜೊತೆಗೆ ಒಂದು ಪೋಲರೈಸ್ಡ್ ಕನ್ನಡಕವಿದ್ದರೆ ಸಾಕು. ನೀರಿನ ಮೇಲಿನ ಹೊಳಪನ್ನು ಬಹುಮಟ್ಟಿಗೆ ಅಳಿಸಿ ತಳವನ್ನು ತೋರಿಸುವ ಈ ಕನ್ನಡಕ, ಇಲ್ಲಿ ದುರ್ಬೀನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೇರೆ ಹೊಳೆಯಲ್ಲಿ ಇಳಿದಿದ್ದ ಬೂಟನ್ನು ತೊಳೆದು ಪೂರ್ತಿ ಒಣಗಿಸದೆ ತರಬೇಡಿ. ಹೊರಗಿನ ಪಾಚಿ, ರೋಗಾಣುಗಳು ಒಂದು ತೊರೆಯಿಂದ ಇನ್ನೊಂದಕ್ಕೆ ದಾಟುವುದು ಇಂಥ ಒದ್ದೆ ಅಟ್ಟೆಗಳ ಮೂಲಕವೂ ಹೌದು.

ದಡವನ್ನು ಸಮೀಪಿಸುವ ರೀತಿಯ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಹರಿಯುವ ನೀರಿನಲ್ಲಿ ಟ್ರೌಟ್ ಪ್ರವಾಹಕ್ಕೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ, ಏಕೆಂದರೆ ಅದರ ಆಹಾರ ತೇಲಿ ಬರುವುದು ಮೇಲಿನಿಂದ. ಹಾಗಾಗಿ ನೀವು ತೊರೆಯ ಕೆಳಗಿನ ತುದಿಯಿಂದ ಆರಂಭಿಸಿ ಮೇಲಕ್ಕೆ ನಡೆದರೆ ಅದರ ಬೆನ್ನಿನ ಕಡೆಯಿಂದ ಬಂದಂತಾಗುತ್ತದೆ. ನೀರಿನೊಳಗಿನ ಕಣ್ಣಿಗೆ ಹೊರಗಿನ ಇಡೀ ಜಗತ್ತು ತಲೆಯ ಮೇಲಿನ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದೇ ಇದಕ್ಕೆ ಕಾರಣ. ನೆಲಮಟ್ಟಕ್ಕೆ ಹತ್ತಿರವಿರುವ ವಸ್ತುಗಳು ಆ ಕಿಟಕಿಯ ಅಂಚಿನಲ್ಲಿ ಕುಗ್ಗಿ ಮಸುಕಾಗುತ್ತವೆ. ನೆಟ್ಟಗೆ ನಿಂತವನು ಎದ್ದು ಕಾಣುವಲ್ಲಿ ಕುಕ್ಕರುಗಾಲಲ್ಲಿ ಕೂತವನು ಹೆಚ್ಚೂಕಡಿಮೆ ಮರೆಯಾಗುವುದು ಈ ಕಾರಣಕ್ಕೆ. ಕೊನೆಯ ಹತ್ತು ಹೆಜ್ಜೆಗಳನ್ನು ಬಗ್ಗಿ ಇಡಿ, ನೆರಳು ನೀರಿನ ಮೇಲೆ ಬೀಳದ ಬದಿಯನ್ನು ಆರಿಸಿ, ಒಂದು ಮರದ ಬುಡವನ್ನು ಬೆನ್ನಿಗಿಟ್ಟುಕೊಂಡು ಕೂತುಬಿಡಿ. ಮೆಲ್ಲನೆ ಮಾತಾಡಿದರೆ ಮೀನಿಗೆ ಅಷ್ಟೇನೂ ತೊಂದರೆಯಿಲ್ಲ, ದಡದ ಮಣ್ಣಿನ ಮೇಲೆ ಧೊಪ್ಪೆಂದು ಇಟ್ಟ ಹೆಜ್ಜೆಯ ಅದುರು ಮಾತ್ರ ನೀರಿಗೆ ಇಳಿದು ಅದನ್ನು ತಲುಪುತ್ತದೆ.

ಕೂತ ಮೇಲೆ ಮೀನನ್ನು ಹುಡುಕಬೇಡಿ, ಮೀನು ನಿಲ್ಲುವ ಜಾಗವನ್ನು ಹುಡುಕಿ. ಕಲ್ಲುಗಳ ಮೇಲೆ ನೀರು ಗಲಗಲ ಹರಿದು ಮಡುವಿಗೆ ಇಳಿಯುವ ಅಂಚು, ದೊಡ್ಡ ಬಂಡೆಯ ಹಿಂದಿನ ನಿಧಾನದ ನೀರು, ನೊರೆ ಸಾಲಾಗಿ ತೇಲಿ ಹೋಗುವ ಗೆರೆ, ದಡ ಕೊರೆದು ಬೇರು ಇಳಿಬಿದ್ದ ಕಡೆ: ಹೆಚ್ಚು ಶ್ರಮವಿಲ್ಲದೆ ನಿಂತು, ಪಕ್ಕದ ರಭಸದಲ್ಲಿ ತೇಲಿ ಬರುವ ಹುಳವನ್ನು ಹಿಡಿಯಬಹುದಾದ ಜಾಗಗಳಿವು. ಮೊದಲು ಕಣ್ಣಿಗೆ ಬೀಳುವುದು ಮೀನಲ್ಲ, ಜಲ್ಲಿಯ ಮೇಲಿನ ಅದರ ನೆರಳು. ಆ ನೆರಳಿನಿಂದ ದೃಷ್ಟಿಯನ್ನು ತುಸು ಮೇಲಕ್ಕೆ ತಂದರೆ, ತಳದ ಬಣ್ಣವೇ ಆಗಿರುವ ಬೆನ್ನು, ಎಡಬಲಕ್ಕೆ ನಿಧಾನ ಬೀಸುವ ಬಾಲ, ಆಗಾಗ ಬಿಳಿಯಾಗಿ ಮಿನುಗುವ ಬಾಯಿ ಕಾಣತೊಡಗುತ್ತವೆ. ಪಕ್ಕಕ್ಕೆ ಒಂದು ಗೇಣು ಸರಿದು, ಏನನ್ನೋ ಹಿಡಿದು, ಅದೇ ಜಾಗಕ್ಕೆ ಮರಳಿ ನಿಲ್ಲುವ ಅದರ ಕ್ರಮವನ್ನು ಒಮ್ಮೆ ಗುರುತಿಸಿದರೆ ಮತ್ತೆ ಕಣ್ಣು ತಪ್ಪುವುದಿಲ್ಲ.

ಅದು ಏನನ್ನು ತಿನ್ನುತ್ತಿದೆ ಎಂದು ತಿಳಿಯಬೇಕಿದ್ದರೆ ದಡದ ಬಳಿಯ ಆಳವಿಲ್ಲದ ನೀರಿನಿಂದ ಅಂಗೈಯಗಲದ ಒಂದು ಕಲ್ಲನ್ನು, ಒಂದನ್ನು ಮಾತ್ರ, ಮೆಲ್ಲಗೆ ಎತ್ತಿ ತಿರುಗಿಸಿ. ಚಪ್ಪಟೆ ಮೈಯ, ಸಾಮಾನ್ಯವಾಗಿ ಮೂರು ಬಾಲದೆಳೆಗಳಿರುವುದು ಮೇಫ್ಲೈ ಎಂಬ ಕೀಟದ ಮರಿ. ಎರಡೇ ಎಳೆಗಳಿರುವುದು ಹೆಚ್ಚಾಗಿ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ, ಅದು ಕಂಡರೆ ನೀರು ಶುದ್ಧವಾಗಿದೆಯೆಂದು ಧೈರ್ಯವಾಗಿ ಹೇಳಬಹುದು. ಮರಳಿನ ಕಣಗಳನ್ನು ರೇಷ್ಮೆಯಂಥ ನೂಲಿನಿಂದ ಅಂಟಿಸಿ ಕಟ್ಟಿದ, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಕೊಳವೆ ಕಲ್ಲಿಗೆ ಅಂಟಿಕೊಂಡಿದ್ದರೆ ಅದು ಕ್ಯಾಡಿಸ್ ಹುಳುವಿನ ಮನೆ. ತುಸು ಕಾದರೆ ಕೊಳವೆಯ ಬಾಯಿಂದ ಕಪ್ಪು ತಲೆಯೊಂದು ಇಣುಕುವುದನ್ನೂ ನೋಡಬಹುದು. ಅರ್ಧ ನಿಮಿಷ ನೋಡಿ, ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿ, ಮೊದಲಿದ್ದ ಜಾಗದಲ್ಲೇ ಇಡಿ.

ಮಕ್ಕಳು ಕಲ್ಲು ಪೇರಿಸಿ ಒಡ್ಡು ಕಟ್ಟಲು ಹೊರಟರೆ ದಯವಿಟ್ಟು ತಡೆಯಿರಿ. ಒಡ್ಡಿನ ಹಿಂದೆ ನಿಂತ ನೀರು ಬಿಸಿಯೇರುತ್ತದೆ, ಮೀನಿನ ದಾರಿ ಕಟ್ಟುತ್ತದೆ, ಕಿತ್ತ ಪ್ರತಿ ಕಲ್ಲಿನ ಜೊತೆ ಹಲವು ಹುಳುಗಳ ನೆಲೆ ಹೋಗುತ್ತದೆ. ನಾಯಿಯನ್ನೂ ನೀರಿಗೆ ಬಿಡಬಾರದು. ಚಿಗಟ ಸಾಯಲೆಂದು ಅದರ ಮೈಗೆ ಹಚ್ಚುವ ಔಷಧಿಗಳಲ್ಲಿ ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳಿರುತ್ತವೆ, ಅವು ತೊರೆಯ ಹುಳುಗಳನ್ನೂ ಕೊಲ್ಲುತ್ತವೆ. ಎಲ್ಲಕ್ಕಿಂತ ನಾಜೂಕಿನ ಕಾಲವೆಂದರೆ ಮೊಟ್ಟೆಯ ಕಾಲ. ಕಂದು ಟ್ರೌಟ್ ಶರತ್ಕಾಲದಿಂದ ಚಳಿಗಾಲದ ಆರಂಭದೊಳಗೆ, ಕಾಮನಬಿಲ್ಲು ಟ್ರೌಟ್ ಸಾಮಾನ್ಯವಾಗಿ ವಸಂತದಲ್ಲಿ, ಜಲ್ಲಿಯನ್ನು ಬಾಲದಿಂದ ಬಗೆದು ಅದರೊಳಗೆ ಮೊಟ್ಟೆಯಿಡುತ್ತವೆ. ಸುತ್ತಲಿನ ಪಾಚಿಗಟ್ಟಿದ ಜಲ್ಲಿಯ ನಡುವೆ ತೊಳೆದಿಟ್ಟಂತೆ ತಿಳಿಬಣ್ಣದ ಒಂದು ತಟ್ಟು, ಅದರಲ್ಲಿ ಹರಿವಿನ ಮೇಲ್ಗಡೆ ಸಣ್ಣ ಕುಳಿ, ಕೆಳಗಡೆ ದಿಬ್ಬ ಕಂಡರೆ ಅಲ್ಲಿ ಕಾಲಿಡಲೇಬೇಡಿ. ಕಂದು ಟ್ರೌಟಿನ ಮೊಟ್ಟೆ ಒಡೆಯಲು 10 ಡಿಗ್ರಿಯ ನೀರಿನಲ್ಲಿ ಸುಮಾರು ಆರು ವಾರ, 5 ಡಿಗ್ರಿಯಲ್ಲಿ ಅದರ ಎರಡರಷ್ಟು ಸಮಯ ಬೇಕು. ಮರಿಗಳು ಆಮೇಲೂ ಕೆಲವು ವಾರ ಜಲ್ಲಿಯೊಳಗೇ ಇರುತ್ತವೆ. ಒಂದು ಹೆಜ್ಜೆಯಿಂದ ಎದ್ದ ಕೆಸರು ಕೂಡ ಅವುಗಳಿಗೆ ಸಿಗುವ ಆಮ್ಲಜನಕವನ್ನು ತಡೆಯಬಲ್ಲದು.

ಗಾಳ ಹಾಕಲು ಅನುಮತಿಯಿರುವ ಉದ್ಯಾನವಾದರೆ ಪರವಾನಗಿ, ಋತು, ಗಾತ್ರದ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಹಿಡಿದು ಬಿಡುವುದಾದರೆ ಮುಳ್ಳಿಲ್ಲದ ಕೊಕ್ಕೆ ಬಳಸಿ, ಮೀನನ್ನು ಮುಟ್ಟುವ ಮೊದಲು ಕೈಯನ್ನು ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಅದರ ಮೈಯನ್ನು ರೋಗದಿಂದ ಕಾಯುವ ಲೋಳೆ ಕಿತ್ತುಬರುತ್ತದೆ. ನೀರು 20 ಡಿಗ್ರಿ ಮುಟ್ಟಿದ ದಿನ ಗಾಳವನ್ನು ಬಿಚ್ಚಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಂದು ಬಿಟ್ಟ ಮೀನು ಈಜಿ ಹೋದರೂ ಬದುಕುವ ಭರವಸೆಯಿಲ್ಲ.

ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ. ಹೊಳೆ ಇದ್ದಕ್ಕಿದ್ದಂತೆ ಕೆಂಪಗೆ ತಿರುಗಿದರೆ ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿದು ದಡದಿಂದ ಮೇಲೆ ಬನ್ನಿ, ಮನೆಗೆ ಮರಳಿದ ಮೇಲೆ ಮೈಗೆ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳಿ.

ಸಂಜೆ ಹೋದವರು ಬೆಳಕು ಇಳಿಯುವವರೆಗೂ ಏಳಬಾರದು. ಮೇಫ್ಲೈಗಳು ನೀರಿನಿಂದ ಮೇಲೆದ್ದು ರೆಕ್ಕೆ ಬಿಚ್ಚುವ ಹೊತ್ತಿಗೆ, ಹಗಲೆಲ್ಲ ಅಡಗಿದ್ದ ಮೀನುಗಳೂ ಮೇಲ್ಮೈಗೆ ಬಂದು ಅವನ್ನು ಹೀರಿಕೊಳ್ಳುತ್ತವೆ, ಒಂದೊಂದು ಬಾಯಿಗೂ ನೀರಿನ ಮೇಲೆ ಒಂದೊಂದು ಉಂಗುರ ಏಳುತ್ತದೆ. ಉಂಗುರ ಹರಿವಿನ ಜೊತೆ ಕೆಳಕ್ಕೆ ತೇಲಿ ಹೋಗುವುದರಿಂದ, ನಿಮಗೆ ಅದು ಕಂಡ ಜಾಗಕ್ಕಿಂತ ಒಂದೆರಡು ಅಡಿ ಮೇಲ್ಗಡೆ ಕಣ್ಣಿಟ್ಟು ಕಾಯಿರಿ. ಮೀನು ನಿಂತಿರುವುದು ಅಲ್ಲಿ.