ಬೌದ್ಧಿಕ ಅಂಗವೈಕಲ್ಯ ಉಳ್ಳವರೂ ಸಂಶೋಧಕರಾಗಲು ಮೊಬೈಲ್ ಬಳಸುವುದು ಹೇಗೆ?

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಬೌದ್ಧಿಕ ಅಂಗವೈಕಲ್ಯ ಉಳ್ಳವರು ಎದುರಿಸುವ ತೊಡಕುಗಳನ್ನು ಅಧ್ಯಯನ ಮಾಡುವುದಾದರೆ, ಅವರಿಂದ ಉತ್ತರ ಬರೆದುಕೊಂಡು ಹೋಗುವ ಬದಲು ಅವರನ್ನೇ ಸಹ ಸಂಶೋಧಕರನ್ನಾಗಿ ಸೇರಿಸಿಕೊಳ್ಳಬೇಕು. ಇದಕ್ಕೆ ಸಾಧಾರಣ ಆಂಡ್ರಾಯ್ಡ್ ಫೋನ್ ಸಾಕು.

ಮೊದಲನೆಯದು ಒಪ್ಪಿಗೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸಲು ಅವರಿಗೆ ತಿಳಿಯುವ ರೀತಿಯಲ್ಲಿ ಪಡೆದ ಮುಕ್ತ ಒಪ್ಪಿಗೆಯ ಜೊತೆಗೆ, ಕನಿಷ್ಠ ಅರ್ಧದಷ್ಟು ಸದಸ್ಯರು ಅಂಗವಿಕಲರು ಅಥವಾ ಅಂಗವಿಕಲರಿಗೆ ಸಂಬಂಧಿಸಿದ ನೋಂದಾಯಿತ ಸಂಘಟನೆಯವರೇ ಆಗಿರುವ ಸರ್ಕಾರಿ ಸಮಿತಿಯ ಪೂರ್ವಾನುಮತಿಯೂ ಬೇಕು. ಒಪ್ಪಿಗೆಪತ್ರವನ್ನು ಒಂದು ವಾಕ್ಯಕ್ಕೆ ಒಂದು ಚಿತ್ರದಂತೆ ಜೋಡಿಸಿ, ಪರಿಚಿತರ ದನಿಯಲ್ಲಿ ಓದಿಸಿ ಧ್ವನಿಮುದ್ರಿಸಿ ಕೊಟ್ಟರೆ ಅವರು ಮನೆಯಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳಬಹುದು. ತಂದೆತಾಯಿಯ ಸಹಿಯೊಂದೇ ಸಾಲದು; ಪ್ರತಿ ಸಭೆಯಲ್ಲಿಯೂ ಸಹ ಸಂಶೋಧಕರನ್ನೇ ಕೇಳಬೇಕು.

ಸ್ಪೇನ್‌ನ ಅರಗಾನ್ ಸರ್ಕಾರದ ಅರಾಸಾಕ್ ಚಿತ್ರಸಂಗ್ರಹವನ್ನು ವಾಣಿಜ್ಯೇತರ ಕೆಲಸಕ್ಕೆ ಉಚಿತವಾಗಿ ಬಳಸಬಹುದು. ಮಾತು ಬಾರದವರಿಗೆ ಐಐಟಿ ಬಾಂಬೆಯಲ್ಲಿ ರೂಪುಗೊಂಡ, ಚಿತ್ರ ಒತ್ತಿದರೆ ಮಾತನಾಡುವ ಜೆಲ್ಲೋ ಆ್ಯಪ್ ಇದೆ. ಆದರೂ ಬಸ್ಸು, ಟಿಕೆಟ್ ಯಂತ್ರಗಳಿಗೆ ನೀವೇ ತೆಗೆದ ಫೋಟೊಗಳು ಮೇಲು.

ಮಾಹಿತಿ ಸಂಗ್ರಹ ಕಷ್ಟವಲ್ಲ. ನಿಲ್ದಾಣದಲ್ಲಿ ತಿರುಗಾಡುತ್ತ ಸಹ ಸಂಶೋಧಕರು ಫೋಟೊ ತೆಗೆದು, ಪ್ರತಿಯೊಂದಕ್ಕೂ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶ ಸೇರಿಸಲಿ. ‘ಈ ಗಾಡಿ ಎಲ್ಲಿಗೆ ಹೋಗತೈತ್ರಿ’ ಎಂಬಂಥ ಮಾತನ್ನು ಧ್ವನಿಯಿಂದ ಬರಹಕ್ಕಿಳಿಸುವ ಸೌಲಭ್ಯವು ಹಲವು ವೇಳೆ ತಪ್ಪಾಗಿ ಬರೆಯುವುದರಿಂದ ಮೂಲ ಧ್ವನಿಯನ್ನು ಅಳಿಸಬಾರದು. ಅಪರಿಚಿತರ ಮುಖದ ಫೋಟೊ ತೆಗೆಯುವ ಮುನ್ನ ಅವರನ್ನು ಕೇಳುವುದನ್ನು ಎಲ್ಲರೂ ಅಭ್ಯಾಸ ಮಾಡಿರಬೇಕು.

ನಿಜವಾದ ಪರೀಕ್ಷೆ ಇರುವುದು ವಿಶ್ಲೇಷಣೆಯಲ್ಲಿ. ಫೋಟೊ ತೆಗೆಯುವವರೆಗೆ ಜೊತೆಗಿದ್ದವರನ್ನು ಇಲ್ಲಿ ಸದ್ದಿಲ್ಲದೆ ಬಿಟ್ಟುಬಿಡುವುದು ಸುಲಭ. ಫೋಟೊಗಳನ್ನು ಮುದ್ರಿಸಿ ನೆಲದ ಮೇಲೆ ಹರಡಿ, ಗುಂಪು ಮಾಡುವುದನ್ನೂ ಹೆಸರಿಡುವುದನ್ನೂ ಅವರಿಗೇ ಬಿಡಿ. ಅವರು ಕೊಡುವ ಕಾರಣವನ್ನು ಅಲ್ಲೇ ಧ್ವನಿಮುದ್ರಿಸಿ. ಬಸ್ಸಿನ ಬೋರ್ಡಿನ ಚಿತ್ರವನ್ನು ತಂಡದ ಓದುಬಲ್ಲ ಸದಸ್ಯರು ‘ಅಕ್ಷರ ತಿಳಿಯದು’ ಎಂಬ ಗುಂಪಿಗೆ ಹಾಕಿದರೆ, ಅದನ್ನು ತೆಗೆದ ಸಹ ಸಂಶೋಧಕರು ‘ಕೇಳಿದರೆ ರೇಗುತ್ತಾರೆ’ ಎಂಬುದಕ್ಕೆ ಹಾಕಬಹುದು. ಹಾಗಾದಾಗ ಎರಡನೆಯದೇ ವರದಿಗೆ ಹೋಗಬೇಕು. ಎದುರಿಗಿದ್ದವರನ್ನು ಮೆಚ್ಚಿಸಲು ‘ಹೌದು’ ಎನ್ನುವವರು ಹೆಚ್ಚಾದ್ದರಿಂದ, ಹೌದು-ಇಲ್ಲ ಎಂಬ ಪ್ರಶ್ನೆಗಳನ್ನು ಬಿಟ್ಟು ಮೂರು ಚಿತ್ರಗಳಲ್ಲಿ ಒಂದನ್ನು ಆರಿಸಲು ಹೇಳುವುದು ಒಳ್ಳೆಯದು. ಅವಸರ ಬೇಡ, ಉತ್ತರಕ್ಕೆ ಕಾಯುವುದೂ ಸಂಶೋಧನೆಯ ಕೆಲಸವೇ.

ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವ ಕಡೆ, ಸಹ ಸಂಶೋಧಕರ ಎದುರಿಗೇ ಕಡತಗಳನ್ನು ತಂಡದ ಫೋನಿಗೆ ವರ್ಗಾಯಿಸಿ ಮನೆಯ ಫೋನಿನಿಂದ ಅಳಿಸಬೇಕು. ಗೌರವಧನ ಎಲ್ಲ ಸದಸ್ಯರಿಗೂ ಒಂದೇ ದರದಲ್ಲಿರಲಿ, ಅದು ಅವರವರ ಖಾತೆಗೇ ಜಮೆಯಾಗಲಿ.